ದಿನಕ್ಕೊಂದು ಗಿಫ್ಟ್

ನನ್ನ ತಂಗಿಯ ಗಂಡ ಯೋಗೀಶನ ಮುಖ ನೆನಪಾದರೆ ನನಗೆ ಈಗಲೂ ವಾಕರಿಕೆ ಬರುತ್ತದೆ. ಅವನು ಕೆಲಸಕ್ಕಿರುವುದು ಸೌದಿಯ ದಮ್ಮಾಮಿನಲ್ಲಿ. ಮಗಳು ಮೋಕ್ಷಾಳಿಗೆ ಹತ್ತು ವರ್ಷ. ಅಪ್ಪ, ಮಗಳು ಇಬ್ಬರೂ ಫೋನಿನಲ್ಲಿ ಒಂದೇ ಆಟ ಆಡುತ್ತಿದ್ದರು, ವಿಚಿತ್ರ ಪ್ರಾಣಿಗಳನ್ನು ಹಿಡಿದು ಸಾಕುವ ಆಟ. ಅದರಲ್ಲಿ ಸ್ನೇಹಿತರು ಒಬ್ಬರಿಗೊಬ್ಬರು ದಿನಕ್ಕೊಂದು ಗಿಫ್ಟ್ ಕಳಿಸಬಹುದು. ವಿಡಿಯೋ ಕಾಲ್ ತಪ್ಪಿದರೂ ಅವನ ಗಿಫ್ಟ್ ತಪ್ಪುತ್ತಿರಲಿಲ್ಲ. ಬೆಳಿಗ್ಗೆ ಎದ್ದವಳೇ ಅದನ್ನು ತೆರೆದು, "ಅಪ್ಪ ನೆನಪು ಮಾಡಿದ್ದಾರೆ" ಎಂದು ಮನೆಯಿಡೀ ಸಾರುತ್ತಿದ್ದಳು.

ಆ ಆಟದಲ್ಲಿ ದುಡ್ಡು ಕೊಟ್ಟು ಕೊಳ್ಳದಿದ್ದರೆ, ನಡೆದರೆ ಮಾತ್ರ ಕಾಯಿನ್. ಒಮ್ಮೆ ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋದೆ, ಒಂದೂ ಬೀಳಲಿಲ್ಲ.

"ಮಾವ, ಅದಕ್ಕೆ ಗೊತ್ತಾಗ್ತದೆ. ಇಳೀರಿ."

ಇಳಿದೆ. ಏಳು ತಿಂಗಳು ಮಂಗಳೂರಿನ ಬೋಳಾರದ ಓಣಿಗಳನ್ನೆಲ್ಲ ಇಬ್ಬರೂ ಸುತ್ತಿದೆವು. ನನ್ನ ಹೊಟ್ಟೆಯೂ ಸ್ವಲ್ಪ ಕರಗಿತು. ಮೂರು ಸಾವಿರ ಕಾಯಿನ್ ಕೂಡಿದ ದಿನ ಅವಳು ಚಿನ್ನದ ಮೊಟ್ಟೆ ಕೊಂಡಳು. ಒಡೆದರೆ ನೀಲಿ ರೆಕ್ಕೆಯ ಮರಿ, ಅಪರೂಪದ ಜಾತಿಯಂತೆ. ಮುದ್ದು ಎಂದು ಹೆಸರಿಟ್ಟಳು.

ಯೋಗೀಶ ರಜೆಗೆ ಬಂದಾಗ ಕರೆತರಲು ನಾನೂ ಅವಳೂ ಬಜಪೆ ವಿಮಾನ ನಿಲ್ದಾಣಕ್ಕೆ ಹೋದೆವು. ಕಾರು ಹತ್ತಿದವನೇ ಮಗಳ ಫೋನ್ ಕೇಳಿದ. ಎರಡೂ ಫೋನುಗಳನ್ನು ತೊಡೆಯ ಮೇಲಿಟ್ಟು ಏನೋ ಒತ್ತಿದ. ಮುದ್ದು ಅವನ ಫೋನಿಗೆ ಹೋಯಿತು. ಅವಳಿಗೆ ಬಂದದ್ದು ಬೀದಿಬೀದಿಯಲ್ಲಿ ಸಿಗುವ ಇಲಿಯಂಥದ್ದು.

"ಎಂತ ಮಾಡಿದ್ದು ನೀವು?" ಎಂದೆ.

"ರೂಮ್‌ಮೇಟಿಗೆ ಬೇಕಂತೆ ಭಾವ. ಬದಲಿಗೆ ನನಗೆ ಕಾಯಿನ್ ಹಾಕಿಸಿ ಕೊಡ್ತಾನೆ. ಆಟದಲ್ಲಿ ನನ್ನ ಗೊಂಬೆ ಉಂಟಲ್ಲ, ಅದಕ್ಕೊಂದು ಕೋಟು ನೋಡಿಟ್ಟಿದ್ದೇನೆ." ನಕ್ಕ. "ಆಟದಲ್ಲಿ ಹೊಸ ಸ್ನೇಹಿತರಾದ್ರೆ ಪ್ರಾಣಿ ಅದಲುಬದಲಿಗೆ ಸಿಕ್ಕಾಪಟ್ಟೆ ಕಾಯಿನ್ ಖರ್ಚು ಮಾರಾಯ್ರೆ. ತೊಂಬತ್ತು ದಿನ ಬಿಡದೆ ಗಿಫ್ಟ್ ಕಳಿಸಿದ್ರೆ ಮಾತ್ರ ಕಡಿಮೆ. ಸುಮ್ಮನೆ ಕಳಿಸಿದ್ದಾ ನಾನು?"

ಥೂ! ಕೋಟಂತೆ ಕೋಟು! ಹೆತ್ತ ಮಗಳು ಕಾಲು ಸವೆಸಿ ದುಡಿದದ್ದನ್ನು ಕಸಿದು ಗೊಂಬೆಗೆ ಅಂಗಿ ಹೊಲಿಸುವ ಗಂಡಸು. ಅಲ್ಲಿಯೇ ಇಳಿಸಿಬಿಡಬೇಕಿತ್ತು. ತಂಗಿಯ ಗಂಡನೆಂದು ಹಲ್ಲು ಕಚ್ಚಿ ಕಾರು ಬಿಟ್ಟೆ. ಅದಕ್ಕೆ ನನ್ನ ಮೇಲೆಯೇ ನನಗೆ ಹೇಸಿಗೆ.

ಮೋಕ್ಷಾ ಇಲಿಯನ್ನು ನೋಡಲಿಲ್ಲ. ಮುದ್ದುವನ್ನು ವಾಪಸ್ಸು ಕೇಳಲೂ ಇಲ್ಲ. ಅಪ್ಪನ ತೋಳು ಹಿಡಿದು, "ನಾಳೆ ಗಿಫ್ಟ್ ಕಳಿಸ್ತೀರಲ್ಲ ಅಪ್ಪ?" ಎಂದಳು.

"ಇನ್ನು ಎಂತಕ್ಕೆ? ಕೆಲಸ ಆಯ್ತಲ್ಲ," ಎಂದ ಯೋಗೀಶ, ಕೋಟಿನ ಬಣ್ಣ ಆರಿಸುತ್ತಾ.