ಇಳಿಯದ ಎಣ್ಣೆ

"ಆಫ್ ಮಾಡ್ರೀ! ಮೊದಲು ಆಫ್ ಮಾಡಿ!"

ಹೆಂಡತಿ ಕೂಗಿದ್ದು ಮೇಷ್ಟ್ರಿಗೆ ಕೇಳಿಸಿತು, ಆದರೆ ಅವಳು ಕಾಣಿಸಲಿಲ್ಲ. ಕಾರಿನ ಹಿಂಬದಿಯಿಂದ ಎದ್ದ ನೀಲಿ ಹೊಗೆ ಅರ್ಧ ಓಣಿಯನ್ನು ನುಂಗಿತ್ತು. ಎದುರುಮನೆಯ ಕಿಟಕಿಗಳು ಪಟಪಟನೆ ಮುಚ್ಚಿಕೊಂಡವು. ಅವರು ಕೀ ತಿರುಗಿಸಿದರು. ಆರು ಸಿಲಿಂಡರಿನ ಹಳೇ ಎಂಜಿನ್ ಒಮ್ಮೆ ಕೆಮ್ಮಿ ಸುಮ್ಮನಾಯಿತು.

"ಶುರುವಿನಲ್ಲಿ ಸ್ವಲ್ಪ ಹೊಗೆ ಸಹಜ," ಎಂದರು, ಯಾರೂ ಕೇಳದಿದ್ದರೂ.

"ಮೂರು ದಿನದಿಂದ ಶುರುವಿನಲ್ಲೇ ಇದೀವಲ್ಲ."

ಕಾರು ಅವರದಲ್ಲ, ಮಾವನದು. ಇಪ್ಪತ್ತೆಂಟು ವರ್ಷ ಓಡಿಸಿ, ಕಣ್ಣು ಮಂಜಾದ ಮೇಲೆ ಮಾವ ಅದರ ಕೀಯನ್ನು ಅಳಿಯನ ಕೈಗಿಟ್ಟಿದ್ದರು. ಮಾವನ ಮನೆಯೋ ಗುಡ್ಡದ ನೆತ್ತಿಯಲ್ಲಿ. ಪ್ರತಿ ಭಾನುವಾರ ಆ ಏರಿನಲ್ಲಿ ಕಾರು ಏದುಸಿರು ಬಿಡುತ್ತಿತ್ತು. ಹಿಂದೆ ಸಾಲುಗಟ್ಟಿದ ಗಾಡಿಗಳು ಹಾರ್ನ್ ಬಾರಿಸುತ್ತಿದ್ದವು. ಮೂರು ತಿಂಗಳ ಹಿಂದೆ ಹಾಲಿನ ವ್ಯಾನಿನವನು ಪಕ್ಕದಲ್ಲೇ ದಾಟಿಕೊಂಡು ಹೋಗುತ್ತ ಟಾಟಾ ಮಾಡಿದ. ಅವತ್ತೇ ಮೇಷ್ಟ್ರು ನಿರ್ಧರಿಸಿಬಿಟ್ಟರು: ಎಂಜಿನ್ನಿಗೆ ಟರ್ಬೊ ಹಾಕಬೇಕು. ವ್ಯರ್ಥವಾಗಿ ಹೊರಹೋಗುವ ಹೊಗೆಯಿಂದಲೇ ಒಂದು ಪುಟ್ಟ ಚಕ್ರ ತಿರುಗಿಸಿ, ಎಂಜಿನ್ನಿನೊಳಗೆ ಹೆಚ್ಚು ಗಾಳಿ ತುಂಬುವುದು. ಕಾಲೇಜಿನಲ್ಲಿ ಇಪ್ಪತ್ತೆರಡು ವರ್ಷ ಭೌತಶಾಸ್ತ್ರ ಪಾಠ ಮಾಡಿದವರಿಗೆ ಇದೇನು ಮಹಾ? ಇಪ್ಪತ್ತೆರಡು ವರ್ಷದಲ್ಲಿ ಒಂದು ನಟ್ಟನ್ನೂ ಬಿಚ್ಚಿರಲಿಲ್ಲ ಎಂಬುದು ಆಗ ಅವರಿಗೆ ಸಣ್ಣ ವಿಷಯವಾಗಿ ಕಂಡಿತು.

ಆರು ವಾರ ನಕ್ಷೆ ಬರೆದರು, ಮೂರು ಬಣ್ಣದ ಶಾಯಿಯಲ್ಲಿ. ನಕ್ಷೆ ಎಷ್ಟು ಚೆಂದವಿತ್ತೆಂದರೆ ಅದನ್ನು ನೋಡುತ್ತ ಎರಡು ಸಲ ಕಾಫಿ ಆರಿಸಿಕೊಂಡರು. ಬಾನೆಟ್ಟಿನಡಿ ತೀರ ಕೆಳಗೆ, ಒಂದು ಮೂಲೆಯಲ್ಲಿ ಖಾಲಿ ಜಾಗವಿತ್ತು. ಟರ್ಬೊ ಅಲ್ಲಿ ಅಚ್ಚುಕಟ್ಟಾಗಿ ಕೂತಿತು. ಬೆಸುಗೆ ಹಾಕಿದ ವೆಲ್ಡರ್ ಮಾತ್ರ ತಲೆ ಕೆರೆದುಕೊಂಡು, "ಮೇಷ್ಟ್ರೇ, ಸ್ವಲ್ಪ ತಗ್ಗಾಯ್ತೇನೋ," ಎಂದಿದ್ದ. ಪಾಪ, ಅಷ್ಟಂದಿದ್ದಕ್ಕೆ ಇಪ್ಪತ್ತು ನಿಮಿಷ ಉಷ್ಣಶಾಸ್ತ್ರ ಕೇಳಬೇಕಾಯಿತು.

ಸುದ್ದಿ ಗುಡ್ಡದ ಮೇಲಕ್ಕೂ ಮುಟ್ಟಿತು. ಮಾವ ಫೋನಿನಲ್ಲಿ ತಣ್ಣಗೆ ಹೇಳಿದರು: "ಭಾನುವಾರ ಗಾಡಿ ತಗೊಂಡು ಬನ್ನಿ ಅಳಿಯಂದಿರೇ. ಕೆಡಿಸಿದ್ರೆ ಕೀ ಕೊಟ್ಬಿಟ್ಟು ಬಸ್ಸಲ್ಲಿ ಹೋಗಿ."

ಇವತ್ತು ಗುರುವಾರ. ಕುಣಿಯಲಾರದವಳು ನೆಲ ಡೊಂಕು ಅಂದ ಹಾಗೆ ಮೇಷ್ಟ್ರು ಈಗಾಗಲೇ ಆಯಿಲನ್ನು ಬೈದು ಬದಲಾಯಿಸಿದ್ದರು, ಟರ್ಬೊ ಮಾರಿದವನನ್ನು ಬೈದಿದ್ದರು, ವೆಲ್ಡರನ್ನಂತೂ ಮನಸ್ಸಿನಲ್ಲೇ ನೂರು ಸಲ. ಇನ್ನು ಬೈಯಲು ಉಳಿದವರು ಒಬ್ಬರೇ, ನಕ್ಷೆ ಬರೆದವರು. ಅವರ ಹೆಸರೆತ್ತಲು ಧೈರ್ಯವಾಗಲಿಲ್ಲ.

ಆಗಷ್ಟೇ ಆಸ್ಪತ್ರೆಯ ಡ್ಯೂಟಿ ಮುಗಿಸಿ ಬಂದಿದ್ದ ಹೆಂಡತಿ ಸಮವಸ್ತ್ರವನ್ನೂ ಬದಲಿಸದೆ ಟಾರ್ಚ್ ಹಿಡಿದು ಬಗ್ಗಿದಳು. ಅವಳು ವಾರ್ಡಿನ ಹಿರಿಯ ನರ್ಸ್.

"ಈ ದಪ್ಪ ಪೈಪ್ ಏನ್ರೀ?"

"ನಿನಗೆ ಅರ್ಥ ಆಗಲ್ಲ ಬಿಡು."

"ಆಗೋ ಹಾಗೆ ಹೇಳಿ. ಪಾಠ ಮಾಡೋದು ನಿಮ್ಮ ಕೆಲಸ ತಾನೇ?"

"ಎಂಜಿನ್ನು ಆಯಿಲನ್ನ ಒತ್ತಡದಲ್ಲಿ ಟರ್ಬೊಗೆ ಕಳಿಸುತ್ತೆ. ಅಲ್ಲಿ ಕೆಲಸ ಮುಗಿಸಿ ಈ ಪೈಪಲ್ಲಿ ಅಡಿಯ ಚೇಂಬರಿಗೆ ವಾಪಸ್ ಬರುತ್ತೆ."

"ವಾಪಸ್ ಬರೋವಾಗ ಯಾರು ತಳ್ತಾರೆ?"

"ಯಾರೂ ಇಲ್ಲ. ತನ್ನ ಭಾರಕ್ಕೆ ತಾನೇ ಇಳ್ದು..."

ಮಾತು ಅಲ್ಲೇ ನಿಂತಿತು. ಟಾರ್ಚಿನ ಬೆಳಕು ಪೈಪಿನುದ್ದಕ್ಕೂ ಹರಿಯಿತು. ಟರ್ಬೊದಿಂದ ಹೊರಟ ಪೈಪು ಚೇಂಬರಿನ ಕಡೆಗೆ ನಾಲ್ಕು ಬೆರಳು ಮೇಲಕ್ಕೆ ಹತ್ತಿತ್ತು. ಇಳಿಯಲಾಗದ ಎಣ್ಣೆ ಟರ್ಬೊದಲ್ಲೇ ತುಂಬಿ, ಹೊಗೆಯ ಕೊಳವೆಗೆ ಸೋರಿ ಉರಿಯುತ್ತಿತ್ತು.

"ಮೂತ್ರದ ಚೀಲನ ಮಂಚಕ್ಕಿಂತ ಮೇಲೆ ನೇತುಹಾಕಿದೀರಿ," ಎಂದಳು ಹೆಂಡತಿ. "ನಮ್ಮಲ್ಲಿ ಹೊಸ ಹುಡುಗಿ ಹೀಗೆ ಮಾಡಿದ್ರೆ ಸಂಜೆವರೆಗೂ ಬೈತೀನಿ."

"ಬೈ," ಎಂದರು ಮೇಷ್ಟ್ರು.

"ಹೊಸಬರಿಗೆ ಬೈತೀನಿ. ನಿಮಗಲ್ಲ."

ಮರುದಿನ ವೆಲ್ಡರ್ ಎಲ್ಲ ಕಿತ್ತು, ಟರ್ಬೊವನ್ನು ಒಂದು ಗೇಣು ಮೇಲೆ ಕೂರಿಸಿದ. ಬ್ಯಾಟರಿಗೆ ಜಾಗ ಸಾಲದೆ ಅದು ಡಿಕ್ಕಿಗೆ ಹೋಯಿತು. ಪೈಪ್ ಯಾವ ಓರೆಯಲ್ಲಿ ಇಳಿಯಬೇಕೆಂದು ಹೆಂಡತಿ ಪಕ್ಕದಲ್ಲಿ ನಿಂತು ಬೆರಳಿನಲ್ಲಿ ತೋರಿಸಿದಳು. ಮೂರು ಬಣ್ಣದ ನಕ್ಷೆಯ ಮೇಲೆ ಸ್ಪ್ಯಾನರು ಇಟ್ಟುಕೊಂಡರು.

ಭಾನುವಾರ ಬೆಳಿಗ್ಗೆ ಕಾರು ಸಣ್ಣಗೆ ಸಿಳ್ಳೆ ಹಾಕುತ್ತ ಮೂರನೇ ಗೇರಿನಲ್ಲೇ ಗುಡ್ಡ ಹತ್ತಿತು. ಹೊಗೆಯಿಲ್ಲ. ಮೇಷ್ಟ್ರ ಎದೆ ಎಷ್ಟು ಉಬ್ಬಿತೆಂದರೆ ಸೀಟ್ ಬೆಲ್ಟ್ ಬಿಗಿಯಾಯಿತು. ಮಾವನಿಗೆ ಒಪ್ಪಿಸಲು ಒಂದು ಪುಟ್ಟ ಭಾಷಣವನ್ನೂ ತಿರುವುಗಳಲ್ಲಿ ಉರು ಹಾಕಿಕೊಂಡರು.

ಮಾವ ಸೈಲೆನ್ಸರಿನ ತುದಿಗೆ ಬಿಳಿ ಕರವಸ್ತ್ರ ಹಿಡಿದರು. ಅದನ್ನು ಕಣ್ಣಿನ ಹತ್ತಿರ ತಂದುಕೊಂಡು ನೋಡಿದರು. ಎಣ್ಣೆಯ ಕಲೆಯಿಲ್ಲ. ಬಾನೆಟ್ ಎತ್ತಿಸಿ, ಕೈಯಿಂದಲೇ ತಡವುತ್ತ ಹೋಗಿ, ದಪ್ಪ ಪೈಪಿನ ಹತ್ತಿರ ಬೆರಳು ನಿಲ್ಲಿಸಿದರು.

"ಇದನ್ನ ಹೀಗೆ ಇಳಿಸಿದ್ದು ಯಾರ ಬುದ್ಧಿ?"

ಭಾಷಣ ಮೇಷ್ಟ್ರ ನಾಲಿಗೆಯ ತುದಿಗೆ ಬಂದು ಕೂತಿತ್ತು. 'ಗುರುತ್ವಾಕರ್ಷಣೆ' ಎಂದು ಶುರುಮಾಡಿದರೆ ಸಾಕಿತ್ತು. ಹೆಂಡತಿ ಅವರನ್ನೇ ನೋಡುತ್ತಿದ್ದಳು.

"ನಿಮ್ಮ ಮಗಳದು," ಎಂದರು. "ನಂದು ಮೇಲಕ್ಕೆ ಹತ್ತುತ್ತಿತ್ತು."

"ಪುಸ್ತಕದ ಬದನೆಕಾಯಿ!" ಮಾವ ನಗಲಿಲ್ಲ. ಅಳಿಯನ ಮುಂದೆ ಅಂಗೈ ಚಾಚಿದರು. ಮೇಷ್ಟ್ರು ಕೀ ಕೊಟ್ಟರು. ಬಸ್ ನಿಲ್ದಾಣ ಗುಡ್ಡದ ಬುಡದಲ್ಲಿತ್ತು, ಮೂರು ಕಿಲೋಮೀಟರ್.

ಮಾವ ಕೀಯನ್ನು ಮಗಳ ಕಡೆ ಹಿಡಿದರು. "ತಗೋ. ಇಪ್ಪತ್ತೆಂಟು ವರ್ಷ ಗಾಡಿ ವಿಷಯದಲ್ಲಿ ನಿನ್ನನ್ನ ಒಂದು ಮಾತೂ ಕೇಳದೇ ಇದ್ದಿದ್ದು ನನ್ನ ತಪ್ಪು. ಇವತ್ತಿಂದ ಗಾಡಿ ನಿಂದು."

ಅವಳು ಕೀ ನೋಡಿದಳು, ತೆರೆದ ಬಾನೆಟ್ ನೋಡಿದಳು, ಗಂಡನ ಹತ್ತು ಕರಿ ಉಗುರುಗಳನ್ನು ನೋಡಿದಳು.

"ಬೇಡಪ್ಪ," ಎಂದಳು. "ನನಗೆ ಬೇಡ. ಇದಕ್ಕಾಗಿ ಉಗುರು ಕಪ್ಪು ಮಾಡಿಕೊಂಡವರ ಹತ್ತಿರಾನೇ ಇರಲಿ."