ಕಲಿಯುವವರ ಸಾಲು

ಚಾಂಡಿ ಮಾಷ್ಟ್ರು ತೀರಿಹೋದ ಸುದ್ದಿ ನನಗೆ ತಿಳಿದದ್ದು ಶ್ಯಾಮನಿಂದ. ಅದು ೧೯೮೭ರ ಜೂನ್ ತಿಂಗಳು. ನಿವೃತ್ತನಾದ ಮೇಲೆ ನಾನು ಬೆಳಿಗ್ಗೆ ಪೂಜೆ ಮುಗಿಸಿ ಪತ್ರಿಕೆ ತರಲು ಮಾರ್ಗದ ಬದಿಗೆ ಬರುತ್ತಿದ್ದೆ. ಶ್ಯಾಮ ಕಡಬದ ಬಸ್ಸಿನ ಕಂಡಕ್ಟರ್, ನಮ್ಮ ಹೈಸ್ಕೂಲಿನಲ್ಲಿ ಕಲಿತವನು. ದಾರಿಯಲ್ಲಿ ನನ್ನನ್ನು ಕಂಡರೆ ಬಸ್ಸಿನ ಬಾಗಿಲಲ್ಲಿ ನೇತಾಡಿಕೊಂಡೇ “ನಮಸ್ಕಾರ ಮಾಷ್ಟ್ರೇ” ಎಂದು ಕೂಗಿ ಹೋಗುವುದು ಅವನ ಕ್ರಮ. ಆ ದಿನ ಬಸ್ಸು ನಿಂತಿತು. ಇಳಿಯುವವರು ಯಾರೂ ಇರಲಿಲ್ಲ. ಶ್ಯಾಮನೇ ಇಳಿದು ಬಂದ.

“ಎಂತದಾ ಶ್ಯಾಮ, ಬಸ್ಸು ಹಾಳಾಯಿತಾ?” ಎಂದು ಕೇಳಿದೆ.

“ಇಲ್ಲ ಮಾಷ್ಟ್ರೇ.” ಅವನು ಕೈಯಲ್ಲಿದ್ದ ಟಿಕೆಟಿನ ಕಟ್ಟನ್ನು ಚೀಲಕ್ಕೆ ಹಾಕಿದ. “ನಮ್ಮ ಚಾಂಡಿ ಮಾಷ್ಟ್ರು ಹೋದರು. ಎದೆನೋವು ಅಂತ ನಿನ್ನೆ ಮಂಗಳೂರಿಗೆ ಕರ್ಕೊಂಡು ಹೋದದ್ದು. ಇವತ್ತು ಬೆಳಿಗ್ಗೆ ಜೀವ ಹೋಯ್ತಂತೆ.”

ಬಸ್ಸಿನ ಒಳಗಿನಿಂದ ಯಾರೋ, “ಹೋಗುವ ಮಾರಾಯ, ನಮಗೆ ಪುತ್ತೂರಿನಲ್ಲಿ ಕೆಲಸ ಉಂಟು” ಎಂದು ಕೂಗಿದರು.

ಶ್ಯಾಮ ತಿರುಗಿ, “ಸ್ವಲ್ಪ ಕೂತ್ಕೊಳ್ಳಿ. ನನಗೆ ಲೆಕ್ಕ ಕಲಿಸಿದವರು ಹೋಗಿದ್ದಾರೆ” ಎಂದ.

ಚಾಂಡಿ ಮಾಷ್ಟ್ರು ನನಗಿಂತ ಬಹಳ ಚಿಕ್ಕವರು. ನನ್ನನ್ನು ಇಟ್ಟುಕೊಂಡು ಅವರನ್ನು ಕರೆದುಕೊಂಡದ್ದು ಯಾವ ನ್ಯಾಯ ಎಂದು ದೇವರ ಕೋಣೆಯಲ್ಲಿ ಕುಳಿತು ಕೇಳಿದೆ. ದೀಪ ಉರಿಯುತ್ತಿತ್ತು. ಅದನ್ನು ನೋಡುತ್ತ ಕುಳಿತಿದ್ದಾಗ ಮೋಹಿನಿ ಎಂಬ ಹುಡುಗಿ ಕರಿಹಲಗೆಯ ಮುಂದೆ ನಿಂತ ಆ ದಿನ ಕಣ್ಣಿಗೆ ಕಟ್ಟಿದ ಹಾಗೆ ಬಂತು. ದುಃಖದಲ್ಲಿ ಕೈಗೆ ಸಿಕ್ಕಿದ್ದು ಅದೊಂದೇ. ಅದನ್ನು ಬರೆದಿಡುತ್ತೇನೆ.

ನಮ್ಮದು ಕಡಬಕ್ಕೂ ನೆಲ್ಯಾಡಿಗೂ ನಡುವಿನ ಒಂದು ಸಣ್ಣ ಹೈಸ್ಕೂಲು. ನಾನು ಕನ್ನಡ ಕಲಿಸುತ್ತಿದ್ದೆ, ಚಾಂಡಿ ಮಾಷ್ಟ್ರು ಲೆಕ್ಕ. ಅವರ ತಂದೆ ಪಾಪ್ಪಚ್ಚನ್ ಕೇರಳದಿಂದ ಬಂದು ಇಲ್ಲಿ ರಬ್ಬರ್ ಬೆಳೆಸಿದವರು. ನಮ್ಮ ಶಾಲೆಯಲ್ಲಿ ಒಂದು ಪದ್ಧತಿ ಇತ್ತು. ಪಬ್ಲಿಕ್ ಪರೀಕ್ಷೆಗೆ ಮೊದಲು ಶಾಲೆಯಲ್ಲೇ ಒಂದು ಪರೀಕ್ಷೆ ನಡೆಸುವುದು. ಅದರಲ್ಲಿ ಹಿಂದೆ ಬಿದ್ದವರನ್ನು ಪಬ್ಲಿಕ್ ಪರೀಕ್ಷೆಗೆ ಕಳುಹಿಸದೆ ಉಳಿಸಿಕೊಳ್ಳುವುದು. ಹಾಗೆ ಮಾಡಿದರೆ ಶಾಲೆಯ ಫಲಿತಾಂಶ ಚೆನ್ನಾಗಿ ಕಾಣುತ್ತಿತ್ತು. ಹಾಗೆ ಉಳಿಸಿಕೊಂಡವರು ಮರುವರ್ಷ ಬರುತ್ತಿದ್ದದ್ದು ಕಡಿಮೆ. ಹುಡುಗರು ಕೆಲಸಕ್ಕೆ ಹೋಗುತ್ತಿದ್ದರು, ಹುಡುಗಿಯರು ಮನೆಯಲ್ಲಿ ಕೂರುತ್ತಿದ್ದರು.

ಮೋಹಿನಿ ೧೯೭೮ರಲ್ಲಿ ಹತ್ತನೆಯ ತರಗತಿಯಲ್ಲಿದ್ದಳು. ತಂದೆ ಚೆನ್ನಪ್ಪನದು ನೆಲ್ಯಾಡಿ ಪೇಟೆಯಲ್ಲಿ ಚಾ ತಿಂಡಿಯ ಹೋಟೆಲು. ಹುಡುಗಿಗೆ ಟೀಚರ್ ಆಗಬೇಕೆಂಬ ಆಸೆ. ಹತ್ತನೆಯದು ಪಾಸಾದರೆ ತರಬೇತಿಗೆ ಸೇರಬಹುದಿತ್ತು. ನನ್ನ ಪಾಠದಲ್ಲಿ ಅವಳು ಮುಂದು. ಲೆಕ್ಕದಲ್ಲಿ ಮಾತ್ರ ಏನೂ ಇಲ್ಲ. ಅವಳಿಗೊಂದು ಅಭ್ಯಾಸವಿತ್ತು. ಲೆಕ್ಕ ತಪ್ಪಿದೆ ಎಂಬ ಸಂಶಯ ಬಂದ ಕೂಡಲೇ ಯಾರಿಗೂ ಕಾಣದ ಹಾಗೆ ಉಜ್ಜಿ ಅಳಿಸುವಳು. ಕಾಗದ ತೂತಾಗುವವರೆಗೆ ಉಜ್ಜುವಳು. ಕೊನೆಗೆ ಮಾಷ್ಟ್ರಿಗೆ ತೋರಿಸಲು ಉಳಿಯುತ್ತಿದ್ದದ್ದು ತೂತು ಮಾತ್ರ.

ದಸರಾ ರಜೆಗೆ ಮೊದಲು ಚೆನ್ನಪ್ಪ ಶಾಲೆಗೆ ಬಂದ.

“ಇವಳಿಗೆ ಲೆಕ್ಕ ಆಗುದಿಲ್ಲ ಮಾಷ್ಟ್ರೇ. ನಮ್ಮ ಕುಟುಂಬದಲ್ಲೇ ಯಾರಿಗೂ ಆಗುದಿಲ್ಲ. ನೀವು ಪರೀಕ್ಷೆಗೆ ಬಿಡದಿದ್ದರೆ ಬೇಡ. ಹೋಟೆಲಿನಲ್ಲಿ ಹಿಟ್ಟು ಕಡೆಯುವ ಕಲ್ಲು ಉಂಟು, ಅಲ್ಲಿ ಕೂತ್ಕೊಳ್ಳಲಿ” ಎಂದ.

ಚಾಂಡಿ ಮಾಷ್ಟ್ರು ಕೇಳಿದರು, “ಹೋಟೆಲಿನಲ್ಲಿ ಚಿಲ್ಲರೆ ಕೊಡುದು ಯಾರು ಚೆನ್ನಪ್ಪಣ್ಣ?”

“ನಾನೇ.”

“ಹಾಗಾದರೆ ಕುಟುಂಬದಲ್ಲಿ ಲೆಕ್ಕ ಉಂಟು. ರಜೆಯಲ್ಲಿ ಬೆಳಿಗ್ಗೆ ಇವಳನ್ನು ನಮ್ಮ ತೋಟಕ್ಕೆ ಕಳುಹಿಸಿ. ಅಲೀಸ್ ಇದ್ದಾಳೆ, ನೋಡಿಕೊಳ್ತಾಳೆ.”

ಅಲೀಸ್ ಅವರ ಹೆಂಡತಿ. ಚೆನ್ನಪ್ಪ ಒಪ್ಪಿದ. ಲೆಕ್ಕದಲ್ಲಿ ಹಿಂದೆ ಬಿದ್ದ ಐದಾರು ಮಕ್ಕಳು ಹೋದರು, ಶ್ಯಾಮನೂ ಅವರಲ್ಲೊಬ್ಬ. ಮಾಷ್ಟ್ರು ಕರೆದರೆಂದು ನಾನೂ ಹೋದೆ.

ಪುಸ್ತಕ ತೆಗೆಯುತ್ತಾರೆ ಎಂದು ಮಕ್ಕಳು ಭಾವಿಸಿದ್ದರು. ಮಾಷ್ಟ್ರು ಕೊಟ್ಟದ್ದು ರಬ್ಬರ್ ಮರ ಕೆತ್ತುವ ಕತ್ತಿ. ತೋಟದ ಅಂಚಿನಲ್ಲಿ ಒಂದು ಸಾಲು ಮುದಿ ಮರಗಳಿದ್ದವು. ಇನ್ನು ಸ್ವಲ್ಪ ಸಮಯದಲ್ಲಿ ಅವನ್ನು ಕಡಿಯುವುದಿತ್ತು. ಪಾಪ್ಪಚ್ಚನ್ ಅವರ ಮನೆಯ ಕ್ರಮ ಹೀಗಿತ್ತು: ಹೊಸಬರ ಕೈಗೆ ಎಳೆಯ ಮರ ಕೊಡುವಂತಿಲ್ಲ, ಈ ಸಾಲನ್ನು ಕಲಿಯುವವರ ಸಾಲು ಎಂದು ಅವರಿಗೆ ಬಿಟ್ಟುಕೊಡಬೇಕು. ಅಲ್ಲಿ ಯಾರು ಎಷ್ಟು ಕೆಡಿಸಿದರೂ ಬೈಯುವಂತಿಲ್ಲ, ನಗುವಂತಿಲ್ಲ. ಚಾಂಡಿ ಮಾಷ್ಟ್ರೂ ಚಿಕ್ಕಂದಿನಲ್ಲಿ ಅಂಥದೇ ಸಾಲಿನಲ್ಲಿ ಕಲಿತವರು.

ಕೆಲಸ ನೋಡಲು ಸುಲಭ. ತೊಗಟೆಯನ್ನು ಓರೆಯಾಗಿ, ತೆಳ್ಳಗೆ ಕೆತ್ತಬೇಕು. ಕತ್ತಿ ಮೇಲೆ ಮೇಲೆ ಹೋದರೆ ರಬ್ಬರಿನ ಹಾಲು ಬರುವುದಿಲ್ಲ. ಆಳಕ್ಕೆ ಹೋಗಿ ಒಳಗಿನ ಮರಕ್ಕೆ ತಾಗಿದರೆ ಗಾಯವಾಗಿ ಗಂಟು ಕಟ್ಟುತ್ತದೆ. ಮೋಹಿನಿಯ ಕತ್ತಿ ಮೊದಲ ಏಟಿಗೇ ಒಳಗಿನ ಮರಕ್ಕೆ ತಾಗಿತು. ಅವಳು ಆಚೀಚೆ ನೋಡಿ, ಕೆಳಗಿನಿಂದ ಒದ್ದೆ ಮಣ್ಣು ತೆಗೆದು ಗಾಯಕ್ಕೆ ಮೆತ್ತಿದಳು.

ಪಾಪ್ಪಚ್ಚನ್ ನೋಡಿಯೇಬಿಟ್ಟರು. ಮಗಳೇ ಎನ್ನುವುದಕ್ಕೆ ಅವರ ಬಾಯಲ್ಲಿ ಬರುತ್ತಿದ್ದದ್ದು ಮಲಯಾಳದ ಮಾತು.

“ಎಂತ ಮೋಳೇ, ಮರಕ್ಕೆ ಮದ್ದು ಹಚ್ಚುದಾ?”

ಅವಳು ತಲೆ ತಗ್ಗಿಸಿದಳು. ಮುದುಕರು ತೆಂಗಿನ ಗೆರಟೆಯಲ್ಲಿ ನೀರು ತಂದು ಮಣ್ಣನ್ನು ತೊಳೆದರು.

“ಇದು ಇರ್ಲಿ. ನಾಳೆ ಇದನ್ನು ನೋಡಿ ಇದರ ಕೆಳಗೆ ಕೆತ್ತಬೇಕು. ಮುಚ್ಚಿಟ್ಟರೆ ನಾಳೆ ಎಂತ ನೋಡುದು ನೀನು?”

ಮರುದಿನ ಅವಳು ಕೆಳಗೆ ಕೆತ್ತಿದಳು. ಅದೂ ತಪ್ಪಿತು, ಆದರೆ ಕಡಿಮೆ ತಪ್ಪಿತು. ಹಾಗೆ ರಜೆ ಕಳೆಯಿತು. ಮರದ ಮೈಮೇಲೆ ಗೆರೆಯ ಕೆಳಗೆ ಗೆರೆ ಬಂತು. ಮೇಲಿನವು ಸೊಟ್ಟ, ಕೆಳಗಿನವು ನೇರ. ರಜೆಯ ಕೊನೆಯ ಬೆಳಿಗ್ಗೆ ಅವಳ ಗೆರೆಯ ಉದ್ದಕ್ಕೂ ಬಿಳಿ ಹಾಲು ಹರಿದು ಕೆಳಗೆ ಕಟ್ಟಿದ ಗೆರಟೆಗೆ ತೊಟ್ಟಿಕ್ಕಿತು. ಹುಡುಗಿ ಕುಣಿದಳು.

“ಬಂತು! ಹಾಲು ಬಂತು ಮಾಷ್ಟ್ರೇ!”

ಶ್ಯಾಮ ತನ್ನ ಮರದ ಹಿಂದಿನಿಂದ, “ನನ್ನ ಮರ ಎಮ್ಮೆಯ ಹಾಗೆ ಒದೆಯುದೊಂದು ಬಾಕಿ” ಎಂದ. ಎಲ್ಲರೂ ನಕ್ಕರು. ತನ್ನನ್ನು ತಾನೇ ತಮಾಷೆ ಮಾಡಿಕೊಂಡರೆ ನಗಲು ಆ ಸಾಲಿನಲ್ಲಿ ಅಡ್ಡಿಯಿರಲಿಲ್ಲ.

ಚಾಂಡಿ ಮಾಷ್ಟ್ರು ಆಗ ಹೇಳಿದ್ದು ಇಷ್ಟೇ: “ಮೊದಲ ದಿನ ನಿಮ್ಮ ಕೈಗೆ ಇದು ಬರ್ತಿರಲಿಲ್ಲ. ಕೈ ಅದೇ, ಮರ ಅದೇ. ಈಗ ಹೇಗೆ ಬಂತು? ಲೆಕ್ಕವೂ ಹೀಗೆಯೇ ಬರುದು. ಇನ್ನು ಮೇಲೆ ನನ್ನ ಕ್ಲಾಸಿನಲ್ಲಿ ತಪ್ಪನ್ನು ಅಳಿಸಬಾರದು. ಅದರ ಮೇಲೆ ಒಂದು ಗೆರೆ ಎಳೆಯಿರಿ, ಕೆಳಗೆ ಪುನಃ ಮಾಡಿ.”

ರಜೆ ಮುಗಿದ ಮೇಲೆ ದಿನವೂ ಸಂಜೆ ಆ ಮಕ್ಕಳಿಗೆ ಪಾಠ ನಡೆಯಿತು. ಅಲ್ಲಿಯೂ ತೋಟದ ಕ್ರಮವೇ. ಯಾರೂ ನಗುವಂತಿಲ್ಲ, ಯಾರೂ ಒರಸುವಂತಿಲ್ಲ. ಮಕ್ಕಳು ಆ ಸಂಜೆಯ ತರಗತಿಯನ್ನೂ ಕಲಿಯುವವರ ಸಾಲು ಎಂದೇ ಕರೆದರು.

ಜನವರಿಯಲ್ಲಿ ಶಾಲೆಯ ಪರೀಕ್ಷೆ ಆಯಿತು. ಮೋಹಿನಿ ಲೆಕ್ಕದಲ್ಲಿ ಬಹಳ ಮೇಲೆ ಬಂದಿದ್ದಳು, ಆದರೂ ಪಾಸಿನ ಅಂಚಿಗೆ ಮುಟ್ಟಿರಲಿಲ್ಲ. ಶಾಲೆಯ ಸಮಿತಿಯ ಅಧ್ಯಕ್ಷರು ಸರ್ವೋತ್ತಮ ರೈಗಳು. ಶಾಲೆಗೆ ಜಾಗ ಕೊಟ್ಟವರು, ಗೌರವಸ್ಥರು. ಅವರ ಮಾತನ್ನು ಯಾರೂ ಮೀರುತ್ತಿರಲಿಲ್ಲ. ಯಾರನ್ನು ಉಳಿಸಿಕೊಳ್ಳುವುದೆಂದು ತೀರ್ಮಾನಿಸಲು ಅವರು ಸಮಿತಿಯವರೊಡನೆ ಬಂದರು. ಚೆನ್ನಪ್ಪನೂ ಮಗಳೊಡನೆ ಬಂದು ಬಾಗಿಲ ಬಳಿ ನಿಂತಿದ್ದ.

“ನೋಡಿ ಮಾಷ್ಟ್ರೇ,” ಎಂದರು ರೈಗಳು, “ಲೆಕ್ಕ ಅಂದರೆ ತಲೆಯಲ್ಲಿ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ನೀವು ಪಾಪ, ಎಷ್ಟು ಕಷ್ಟಪಡುದು?”

“ರೈಗಳೇ, ಅವಳಿಗೆ ಬರ್ತಾ ಉಂಟು. ಪರೀಕ್ಷೆಗೆ ಇನ್ನೂ ಸಮಯ ಉಂಟು. ನೀವೇ ಒಂದು ಲೆಕ್ಕ ಕೊಟ್ಟು ನೋಡಿ.”

ರೈಗಳು ನಕ್ಕರು. ಆದರೆ ನ್ಯಾಯ ಬಿಡುವವರಲ್ಲ. “ಆಯ್ತು. ಮಗೂ, ಹಲಗೆಯ ಹತ್ತಿರ ಹೋಗು. ಒಂದು ಅಂಗಳ ಉಂಟು. ಅಗಲಕ್ಕಿಂತ ಉದ್ದ ಏಳು ಗಜ ಹೆಚ್ಚು. ವಿಸ್ತೀರ್ಣ ಅರವತ್ತು ಚದರ ಗಜ. ಉದ್ದ ಎಷ್ಟು, ಅಗಲ ಎಷ್ಟು? ಬಂದರೆ ಪರೀಕ್ಷೆಗೆ ಕೂತ್ಕೋ. ಬಾರದಿದ್ದರೆ ಅಪ್ಪನ ಒಟ್ಟಿಗೆ ಮನೆಗೆ ಹೋಗು.”

ಮೋಹಿನಿ ಸೀಮೆಸುಣ್ಣ ಹಿಡಿದಳು. ಉದ್ದವನ್ನೂ ಅಗಲವನ್ನೂ ಕೂಡಿಸಿ ಅರವತ್ತಕ್ಕೆ ಸಮ ಎಂದು ಬರೆದಳು. ಅದು ತಪ್ಪು. ಸಮಿತಿಯವರಲ್ಲಿ ಒಬ್ಬರು ಕೆಮ್ಮಿದರು. ಚೆನ್ನಪ್ಪ ನೆಲ ನೋಡಿದ. ರೈಗಳು ಎದ್ದು, “ಇರ್ಲಿ ಮಗೂ” ಎಂದು ಒರಸುವ ಬಟ್ಟೆಗೆ ಕೈ ಹಾಕಿದರು.

“ಒರಸಬೇಡಿ ಸಾರ್!” ಎಂದಳು ಮೋಹಿನಿ.

ರೈಗಳ ಮಾತಿಗೆ ಅಡ್ಡ ಮಾತು ನಾನು ಆ ಕೋಣೆಯಲ್ಲಿ ಕೇಳಿದ್ದು ಅದೇ ಮೊದಲು. ಅವರ ಕೈ ಹಾಗೆಯೇ ನಿಂತಿತು.

ಅವಳು ತಪ್ಪಿನ ಮೇಲೆ ಒಂದು ಗೆರೆ ಎಳೆದಳು. “ಇದು ಸುತ್ತು ಅಳೆಯುವವರು ಮಾಡುದು. ವಿಸ್ತೀರ್ಣಕ್ಕೆ ಗುಣಿಸಬೇಕು” ಎಂದು ತನಗೆ ತಾನೇ ಹೇಳಿಕೊಂಡು ಕೆಳಗೆ ಬರೆದಳು. ಈ ಸಲ ದಾರಿ ಸರಿ, ಕೊನೆಯಲ್ಲಿ ಅಗಲ ಹನ್ನೆರಡು, ಉದ್ದ ಹತ್ತೊಂಬತ್ತು ಎಂದು ಬಂತು. ಬರೆದು ನಿಂತು ನೋಡಿದಳು.

“ಹನ್ನೆರಡು ಹತ್ತೊಂಬತ್ತಲ ಇನ್ನೂರರ ಮೇಲೆ ಹೋಗ್ತದೆ. ಇದಲ್ಲ.”

ಅದರ ಮೇಲೂ ಗೆರೆ. ನಾನು ಮನಸ್ಸಿನಲ್ಲಿ ಕುಕ್ಕೆಯ ಸ್ವಾಮಿಯನ್ನು ನೆನೆದೆ. ಪಕ್ಕದಲ್ಲಿ ಚಾಂಡಿ ಮಾಷ್ಟ್ರು ತಮ್ಮ ಶಿಲುಬೆಯನ್ನು ಅಂಗಿಯ ಮೇಲಿನಿಂದಲೇ ಹಿಡಿದುಕೊಂಡಿದ್ದರು. ಹುಡುಗಿ ಒಂದು ಹೆಜ್ಜೆ ಹಲಗೆಯ ಹತ್ತಿರ ಹೋದಳು. ಮೇಲಿನ ಸಾಲಿನ ಮೇಲೆ ಬೆರಳು ಆಡಿಸಿದಳು. ಎಲ್ಲಿ ಕೂಡಿಸುವ ಚಿಹ್ನೆ, ಎಲ್ಲಿ ಕಳೆಯುವ ಚಿಹ್ನೆ ಎಂದು ನೋಡಿದಳು. ಎರಡನ್ನೂ ಅದಲುಬದಲು ಮಾಡಿ ಮೂರನೆಯ ಸಲ ಕೆಳಗೆ ಬರೆದಳು.

“ಅಗಲ ಐದು ಗಜ, ಉದ್ದ ಹನ್ನೆರಡು ಗಜ. ಐದು ಹನ್ನೆರಡಲ ಅರವತ್ತು. ಬಂತು ಸಾರ್.”

ಹಾಲು ಬಂದಾಗ ಅವಳ ಮುಖ ಹೇಗಿತ್ತೋ ಹಾಗೆಯೇ ಇತ್ತು.

“ಮೂರು ಸಲ ಬೇಕಾಯ್ತಲ್ಲ ಮಗೂ?” ಎಂದರು ರೈಗಳು.

“ಹೌದು ಸಾರ್. ದಸರೆಗೆ ಮೊದಲಾದರೆ ಮೂವತ್ತು ಸಲ ಮಾಡಿದರೂ ಬರ್ತಿರಲಿಲ್ಲ.”

ರೈಗಳು ಹಲಗೆಯನ್ನು ಮೇಲಿನಿಂದ ಕೆಳಗಿನವರೆಗೆ ಓದಿದರು. ಆಮೇಲೆ ಒರಸುವ ಬಟ್ಟೆಯನ್ನು ಮೇಜಿನ ಮೇಲಿಟ್ಟು, “ಚೆನ್ನಪ್ಪ, ನಿನ್ನ ಮಗಳು ನನ್ನನ್ನು ಗದರಿಸಿದಳು ಮಾರಾಯ” ಎಂದರು. ಚೆನ್ನಪ್ಪ ಹೆದರಿ ಕೈ ಮುಗಿದ. “ಹೆದರಬೇಡ. ಅವಳನ್ನು ಪರೀಕ್ಷೆಗೆ ಕಳುಹಿಸುವ. ಅವಳೊಬ್ಬಳನ್ನಲ್ಲ, ಎಲ್ಲರನ್ನೂ ಕಳುಹಿಸುವ. ಬಿದ್ದವರು ಕೆಳಗಿನ ಸಾಲಿನಲ್ಲಿ ಪುನಃ ಬರೆಯಲಿ.”

ಆ ದಿನದಿಂದ ನಮ್ಮ ಶಾಲೆಯಲ್ಲಿ ಮಕ್ಕಳನ್ನು ಉಳಿಸಿಕೊಳ್ಳುವ ಪದ್ಧತಿ ನಿಂತಿತು.

ಫಲಿತಾಂಶದ ಪತ್ರಿಕೆ ಬೆಳಗಿನ ಬಸ್ಸಿನಲ್ಲಿ ಬಂತು. ಚೆನ್ನಪ್ಪನ ಹೋಟೆಲಿನಲ್ಲಿ ಅದನ್ನು ಬಿಡಿಸಿದೆವು. ಮೋಹಿನಿಯ ಸಂಖ್ಯೆ ಅದರಲ್ಲಿತ್ತು. ಚೆನ್ನಪ್ಪ ಎಲ್ಲರ ಮುಂದೆಯೂ ಗೋಳಿಬಜೆಯ ತಟ್ಟೆ ಇಟ್ಟ. “ಲೆಕ್ಕ ನಮ್ಮ ಕುಟುಂಬದಲ್ಲೇ ಇತ್ತು ಮಾರಾಯ್ರೆ. ಹುಡುಕಿದವರು ಯಾರೂ ಇರಲಿಲ್ಲ!” ಎಂದು ಬಂದವರಿಗೆಲ್ಲ ಹೇಳಿದ. ಶ್ಯಾಮನ ಸಂಖ್ಯೆ ಇರಲಿಲ್ಲ. ಅವನು ಬಜೆ ತಿನ್ನುತ್ತ, “ನಾನು ಮೇಲಿನ ಗೆರೆ ಎಳೆದಿದ್ದೇನೆ, ಕೆಳಗೆ ಬರೆಯುದು ಬಾಕಿ” ಎಂದ. ಮುಂದಿನ ಪರೀಕ್ಷೆಯಲ್ಲಿ ಬರೆದ. ಪಾಸಾದ.

ಚಾಂಡಿ ಮಾಷ್ಟ್ರನ್ನು ಮಣ್ಣು ಮಾಡುವ ದಿನ ಇಗರ್ಜಿಯ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಅಷ್ಟೂ ಜನರಲ್ಲಿ ಹೆಚ್ಚಿನವರು ಒಮ್ಮೆ ಲೆಕ್ಕ ಬಾರದಿದ್ದವರು. ಮೋಹಿನಿ ಜಾಲ್ಸೂರಿನ ಕಡೆಯ ಶಾಲೆಯಲ್ಲಿ ಟೀಚರ್. ಅಲ್ಲಿಂದ ಬಂದಿದ್ದಳು. ಪಾಪ್ಪಚ್ಚನ್ ಮಗನ ಪೆಟ್ಟಿಗೆಯ ಬಳಿ ಕುಳಿತಿದ್ದರು. ಕಣ್ಣು ಮಂಜಾಗಿದ್ದರೂ ಅವಳ ದನಿಯಲ್ಲೇ ಗುರುತಿಸಿದರು.

“ಮಣ್ಣು ಮೆತ್ತಿದವಳಲ್ಲವಾ ನೀನು?”

“ಹೌದು ಅಜ್ಜಾ.”

“ಆ ಸಾಲು ಕಡಿಸಿದೆ ಮೋಳೇ. ನಿನ್ನ ಮರ ಒಂದನ್ನು ಕಡಿಯಲು ಚಾಂಡಿ ಬಿಡಲಿಲ್ಲ. ಹೋಗಿ ನೋಡು.”

ಎಲ್ಲ ಮುಗಿದ ಮೇಲೆ ಅವಳೂ ನಾನೂ ಶ್ಯಾಮನೂ ಹೋದೆವು. ಹೊಸ ಗಿಡಗಳ ನಡುವೆ ಮುದಿಮರ ಒಂದೇ ನಿಂತಿತ್ತು. ಹಳೆಯ ಗಾಯಗಳ ಮೇಲೆ ಹೊಸ ತೊಗಟೆ ಬೆಳೆದು ಗಂಟುಗಳು ಉಬ್ಬಿಕೊಂಡಿದ್ದವು. ಮೇಲಿನ ಗಂಟು ದೊಡ್ಡದು, ಕೆಳಕ್ಕೆ ಹೋದಂತೆ ಸಣ್ಣವು, ಕೊನೆಯಲ್ಲಿ ನಯವಾದ ತೊಗಟೆ. ಮೋಹಿನಿ ಮೇಲಿನ ಗಂಟಿನ ಮೇಲೆ ಕೈಯಿಟ್ಟು ಬಹಳ ಹೊತ್ತು ಅತ್ತಳು. ಆಮೇಲೆ ಮುಖ ಒರೆಸಿಕೊಂಡು, “ನಾಡಿದ್ದು ನನ್ನ ಶಾಲೆಯ ಮಕ್ಕಳನ್ನು ಇಲ್ಲಿಗೆ ಕರ್ಕೊಂಡು ಬರ್ತೇನೆ ಮಾಷ್ಟ್ರೇ. ಅವರು ಇದನ್ನು ನೋಡಬೇಕು” ಎಂದಳು.

ನಾನು ಅಲ್ಲಿಯೇ ಕೈ ಮುಗಿದೆ. ನನ್ನ ಸ್ವಾಮಿ ಬೇರೆ, ಅವರ ಸ್ವಾಮಿ ಬೇರೆ ಎಂಬುದು ಆ ಹೊತ್ತಿನಲ್ಲಿ ನೆನಪಾಗಲಿಲ್ಲ.

ಭಗವಂತಾ, ನಿನ್ನ ಈ ಮಗ ಯಾರ ತಪ್ಪನ್ನು ಕಂಡೂ ನಗಲಿಲ್ಲ, ಯಾರನ್ನೂ ಹಿಂದೆ ಬಿಡಲಿಲ್ಲ. ಅವನಲ್ಲಿ ತಪ್ಪುಗಳಿದ್ದರೆ ನೀನೂ ಹಾಗೆಯೇ ನೋಡು. ದಣಿದು ಬಂದಿದ್ದಾನೆ, ನಿನ್ನ ಬಳಿ ಕೂರಿಸಿಕೋ. ಅವನ ಜೀವ ತಣ್ಣಗಿರಲಿ.