ಇನ್ನೂ ಸಾಯದ ಠಾಣೆಯ ತಿಥಿ

ಎಲ್ಲಿಂದ ಶುರು ಮಾಡಲಿ, ಫಿರಂಗಿಯಿಂದಲೋ ರೊಟ್ಟಿಯಿಂದಲೋ?

ಸೇನೆ, ಗಡಿ, ದೊಡ್ಡ ದೇಶ ಅಂದಮೇಲೆ ಫಿರಂಗಿಯಿಂದ ಶುರು ಮಾಡುವುದೇ ಮರ್ಯಾದೆ. ಆದರೆ ಸದ್ಯಕ್ಕೆ ನನ್ನ ಎದುರಿಗಿರುವುದು ರೊಟ್ಟಿ. ಪಕ್ಕದ ಮನೆಯ ಅಗಾಫಿಯಾ ಒಲೆಯಿಂದ ತೆಗೆದವಳೇ ಆರಲೆಂದು ನನ್ನ ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿ ಇಟ್ಟುಹೋಗಿದ್ದಾಳೆ. ಅವಳ ಮನೆಯ ಕಿಟಕಿಗಳು ಆಗಲೇ ತುಂಬಿವೆ. ಬಳೆಯ ಹಾಗೆ ಗುಂಡಗಿನ, ಜಡೆಯ ಹಾಗೆ ಹೆಣೆದ ರೊಟ್ಟಿಗಳು. ನಾಳೆ ಹಿರಿಯರ ಹಬ್ಬ. ಸತ್ತವರ ಹೆಸರಿನಲ್ಲಿ ಬದುಕಿರುವವರ ಕೈಗೆ ಕೊಡುವ ರೊಟ್ಟಿಗಳಿವು. (ಮುಟ್ಟಬಾರದು ಅಂದಿದ್ದಾಳೆ. ಒಂದರ ಮೂಲೆ ಮುರಿದಿದ್ದೇನೆ. ಬಳೆಗೆ ಮೂಲೆ ಎಲ್ಲಿಂದ ಬಂತು ಎಂದು ಕೇಳಬೇಡಿ.)

೧

ಮೊದಲ ಡ್ರಾಫ್ಟು ದೊಡ್ಡ ದೇಶದ ರಾಜಧಾನಿಯಲ್ಲಿತ್ತು. ಉದ್ದನೆಯ ಮೇಜು, ಗೋಡೆ ತುಂಬ ನಕಾಶೆ, ಕೋಲು ಹಿಡಿದ ಜನರಲ್. "ನೆರೆಯ ದೇಶದಲ್ಲಿ ಸೈನಿಕ ಉದ್ವಿಗ್ನತೆ ಹೆಚ್ಚುತ್ತಿದೆ. ನಾವು ಪರಿಸ್ಥಿತಿಯನ್ನು ಸೂಕ್ಷ್ಮವಾಗಿ ಗಮನಿಸುತ್ತಿದ್ದೇವೆ" ಎಂದು ಅವನ ಬಾಯಲ್ಲಿ ಹೇಳಿಸಿದ್ದೆ. ಎಷ್ಟು ಚೆನ್ನಾಗಿ ಬಂದಿತ್ತೆಂದರೆ ನನಗೇ ಸ್ವಲ್ಪ ಭಯವಾಗಿತ್ತು. ರೊಟ್ಟಿ ತಿರುವಿಹಾಕಲು ಬಂದ ಅಗಾಫಿಯಾಗೆ ಅವಳ ಭಾಷೆಗೆ ತಿರುಗಿಸಿ ಓದಿ ಹೇಳಿದೆ.

"ಗಮನಿಸ್ತಾ ಇದಾರಂತಾ? ಹಂಗಾದ್ರೆ ಹೋದ ವಾರ ನನ್ನ ಬಾತುಕೋಳಿ ಯಾರು ಹಿಡ್ಕೊಂಡು ಹೋದ್ರು ಅಂತ ಕೇಳು."

"ಅಷ್ಟು ಸಣ್ಣದನ್ನೆಲ್ಲ ಗಮನಿಸಲ್ಲ ಅತ್ತೆ ಅವರು."

"ಮತ್ತೆ ನೆರೆಯವ್ರು ಅಂತ ಬರ್ದಿದೀಯ? ಅವರಿಗೂ ನಮಗೂ ಮಧ್ಯ ಇನ್ನೊಂದು ದೇಶ ಕಾಲು ಚಾಚಿ ಮಲಗಿದೆ. ನೆರೆಯವಳು ಅಂದ್ರೆ ಲಿದಿಯಾ. ಅವಳು ಕೆಮ್ಮಿದ್ರೆ ನಂಗೆ ಎಚ್ಚರ ಆಗುತ್ತೆ."

ದೊಡ್ಡವರಿಗೆ ಎಲ್ಲರೂ ನೆರೆಯವರೇ ಎಂದೆ. ಅವಳು ರೊಟ್ಟಿಯ ತಳ ತಟ್ಟಿ ಕಿವಿಗೊಟ್ಟು ಕೇಳಿದಳು.

"ಇರ್ಲಿ. ಆ ಜನರಲ್ಲು ಮಧ್ಯಾಹ್ನ ಏನು ಊಟ ಮಾಡ್ದ?"

ನನಗೆ ಗೊತ್ತಿರಲಿಲ್ಲ.

"ಏನು ತಿಂತಾನೆ ಅಂತ ಗೊತ್ತಿಲ್ದಿರೋನ ಬಗ್ಗೆ ಯಾಕೆ ಬರೀತೀಯ ಅಳಿಯಾ?"

ಹರಿದುಹಾಕಿದೆ. ಜನರಲ್ ಉಪವಾಸವೇ ಹೋದ.

(ಅಳಿಯ ಎನ್ನುವುದು ಪ್ರೀತಿಯ ಮಾತಲ್ಲ, ಸಂಬಂಧ. ನನ್ನ ಹೆಂಡತಿ ಇದೇ ನುಚೇನಿ ಊರಿನವಳು. ಹಾಗಾಗಿ ಊರಿನ ಮುದುಕಿಯರೆಲ್ಲ ನನಗೆ ಅತ್ತೆಯರು. ಇಷ್ಟು ಜನ ಅತ್ತೆಯರನ್ನು ತಡೆದುಕೊಂಡವನಿಗೆ ಜನರಲ್ ಯಾವ ಲೆಕ್ಕ.)

ದೊಡ್ಡ ದೇಶದ ಹೆಸರನ್ನು ಯಾಕೆ ಬರೆಯುತ್ತಿಲ್ಲ ಎಂದರೆ, ಹೆದರಿಕೆಯಿಂದಲ್ಲ. ಅದೂ ಅಗಾಫಿಯಾಳ ಕಟ್ಟಪ್ಪಣೆ. "ಎಡೆ ಇಡೋ ಹೊತ್ತಲ್ಲಿ ಯಾರ ಹೆಸರು ಹೇಳ್ತೀವೋ ಅವರಿಗೆ ಹೋಗಿ ಸೇರುತ್ತೆ. ಸುಮ್ಸುಮ್ನೆ ಬಾಯಿ ಬಿಡ್ಬೇಡ."

ಇಷ್ಟನ್ನು ಮಾತ್ರ ನೇರವಾಗಿ ಹೇಳಿಬಿಡುತ್ತೇನೆ. ಈ ಸಣ್ಣ ದೇಶವನ್ನು ಸೀಳಿ ಹರಿಯುವ ನಿಸ್ತ್ರು ನದಿಯ ಈ ದಂಡೆ, ನಾನು ನಿಮ್ಮ ಜೊತೆ ಇರುವುದಿಲ್ಲ ಎಂದು ಉಳಿದ ದೇಶದ ಮೇಲೆ ಮುನಿಸಿಕೊಂಡು ಮೂವತ್ತು ವರ್ಷ ದಾಟಿತು. ಆಗ ಹೊಡೆದಾಟವಾಗಿ, ಶಾಂತಿ ಕಾಯಲೆಂದು ದೊಡ್ಡ ದೇಶ ಸೈನ್ಯ ತಂದಿಟ್ಟಿತು. ಶಾಂತಿ ಬಂತು, ಕೂತಿತು, ಮುದಿಯೂ ಆಯಿತು. ಕಾಯುವವರು ಮಾತ್ರ ಹೋಗಲಿಲ್ಲ. ಈ ವಸಂತದಲ್ಲಿ ಎರಡು ದಂಡೆಗಳ ನಡುವೆ ಮತ್ತೆ ಬಿಸಿ ಏರಿತು. ಆಕಾಶದಲ್ಲಿ ಏನೋ ಹಾರಿತು, ಎಲ್ಲೋ ಏನೋ ಸಿಡಿಯಿತು, ಟಿವಿಯಲ್ಲಿ ಕೆಂಪು ಪಟ್ಟಿ ಓಡಿತು. ದೊಡ್ಡ ದೇಶ ಹೇಗೆ ಪ್ರತಿಕ್ರಿಯಿಸಿತು ಎಂದು ನೀವು ಪೇಪರಿನಲ್ಲಿ ಓದಿರುತ್ತೀರಿ. ನುಚೇನಿಗೆ ಬಂದು ತಲುಪಿದ ಪ್ರತಿಕ್ರಿಯೆ ಇದು: ಒಂದು ಲಾರಿ ಬಂದು, ಸ್ಮಶಾನದ ಗುಡ್ಡಕ್ಕೆ ಹೋಗುವ ದಾರಿಗೆ ಅಡ್ಡಲಾಗಿ, ಕಾವಲು ಠಾಣೆಯ ಮುಂದೆ, ಸೊಂಟದೆತ್ತರದ ಕಾಂಕ್ರೀಟ್ ದಿಮ್ಮಿಗಳನ್ನು ಇಳಿಸಿ ಹೋಯಿತು. ಜೊತೆಗೊಂದು ಬೋರ್ಡು: ತಾತ್ಕಾಲಿಕ. ನಿಮ್ಮ ಸುರಕ್ಷತೆಗಾಗಿ.

ಗುಡ್ಡದ ಮೇಲೆ ಅಗಾಫಿಯಾಳ ಗಂಡ ಹರಿತೋನ್ ಮಲಗಿದ್ದಾನೆ. ಹಿರಿಯರ ಹಬ್ಬದ ದಿನ ಗೋರಿಯ ಮೇಲೆ ಬಟ್ಟೆ ಹಾಸಿ ಊಟ ಬಡಿಸದಿದ್ದರೆ, ಸತ್ತವನು ಪಕ್ಕದ ಗೋರಿಯವರು ಉಣ್ಣುವುದನ್ನು ನೋಡುತ್ತ ಮುಂದಿನ ವರ್ಷದವರೆಗೆ ಕೂತಿರಬೇಕು. ಈ ಸಲ ಎಲ್ಲರೂ ಚರ್ಚಿನ ಅಂಗಳದಲ್ಲೇ ಬಡಿಸಿ, ದೇವರು ತಲುಪಿಸುತ್ತಾನೆ ಎಂದರು ಪಾದ್ರಿಗಳು. ಊರು ಒಪ್ಪಿತು.

"ಬದುಕಿದ್ದಾಗ್ಲೇ ಅವನು ಕರೆದಲ್ಲಿಗೆ ಊಟಕ್ಕೆ ಬಂದೋನಲ್ಲ," ಎಂದಳು ಅಗಾಫಿಯಾ. "ಕೂತಲ್ಲಿಗೇ ತಟ್ಟೆ ಹೋಗ್ಬೇಕಿತ್ತು. ಈಗ ಎದ್ದು ಬರ್ತಾನಾ?"

೨

ಎರಡನೆಯ ಡ್ರಾಫ್ಟಿನಲ್ಲಿ ಹರಿತೋನನನ್ನು ಯುದ್ಧದಲ್ಲಿ ಸಾಯಿಸಿದೆ. ಸೇತುವೆ, ಹೊಗೆ, ಎದೆಗೆ ಗುಂಡು, ಕೈಯಲ್ಲಿ ಹೆಂಡತಿಯ ತಲೆವಸ್ತ್ರ. ನನ್ನ ಕಣ್ಣಲ್ಲೇ ನೀರು.

"ಅವನು ಬಿದ್ದಿದ್ದು ಚೆರ್ರಿ ಮರದಿಂದ," ಎಂದಳು ಅಗಾಫಿಯಾ. "ಅದೂ ಲಿದಿಯಾ ಮರ. ಕದಿಯಕ್ಕೆ ಹತ್ತಿದ್ದ."

"ಕಥೆಗೆ ತೂಕ ಬರ್ಲಿ ಅಂತ ಅತ್ತೆ."

"ಅವನಿಗೇ ಬೇಕಾದಷ್ಟು ತೂಕ ಇತ್ತು. ಅದಕ್ಕೇ ಕೊಂಬೆ ಮುರೀತು."

"ಯುದ್ಧದಲ್ಲಿ ಸತ್ತ ಅಂದ್ರೆ ಓದುಗರು—"

"ಗುಂಡು ತಿಂದು ಸತ್ತೋನಿಗೆ ಮಾತ್ರ ಹಸಿವಾಗುತ್ತಾ? ಚೆರ್ರಿ ತಿಂದು ಸತ್ತೋನಿಗೆ ಆಗಲ್ವಾ?"

ಉತ್ತರ ನಿಮಗೆ ಗೊತ್ತಿದ್ದರೆ ತಿಳಿಸಿ. ಹುತಾತ್ಮನಲ್ಲದ, ಕಳ್ಳನಾದ, ಹೊಟ್ಟೆಬಾಕನಾದ ಒಬ್ಬ ಮನುಷ್ಯನ ಒಂದು ತಟ್ಟೆ ಊಟ. ನನ್ನ ಕಥೆಯಲ್ಲಿ ಪಣಕ್ಕಿರುವುದು ಅಷ್ಟೇ. ಬೇಸರವಾದವರು ಜನರಲ್ ಇರುವ ಕಥೆಗಳನ್ನು ಹುಡುಕಿಕೊಳ್ಳಬಹುದು, ಅವಕ್ಕೇನೂ ಬರವಿಲ್ಲ.

೩ (ಹರಿಯದೆ ಉಳಿದದ್ದು)

ಹಬ್ಬದ ಬೆಳಗ್ಗೆ ಅಗಾಫಿಯಾ ತಳ್ಳುಗಾಡಿಯಲ್ಲಿ ರೊಟ್ಟಿ, ಕೆಂಪು ಬಣ್ಣ ಹಾಕಿದ ಮೊಟ್ಟೆ, ದ್ರಾಕ್ಷಿ ಎಲೆಯಲ್ಲಿ ಸುತ್ತಿ ಬೇಯಿಸಿದ ಮಾಂಸದನ್ನ, ಒಂದು ಕೊಡ ವೈನು, ಲೋಟಗಳು, ಮೇಣದಬತ್ತಿ ಎಲ್ಲ ಹೇರಿಕೊಂಡು ಠಾಣೆಗೆ ಹೊರಟಳು. ನಾನು ಹಿಂದೆ. (ಗಾಡಿ ತಳ್ಳಲು ಕೈ ಹಾಕಿದೆ. "ನೀನು ಬರಿ, ಸಾಕು" ಎಂದಳು.)

ದೊಡ್ಡ ದೇಶ ದಿಮ್ಮಿಯ ಹಿಂದೆ ಬಂದೂಕು ತಗುಲಿಸಿಕೊಂಡು ನಿಂತಿತ್ತು. ಅದರ ಹೆಸರು ಆರ್ಕಾದಿ.

ನಿಮಗೆ ನಿರಾಸೆಯಾಗಿರಬಹುದು, ನನಗೂ ಆಯಿತು. ದೊಡ್ಡ ದೇಶದ ಸಮವಸ್ತ್ರ, ದೊಡ್ಡ ದೇಶದ ಬೂಟು, ಜೇಬಿನಲ್ಲಿ ದೊಡ್ಡ ದೇಶದ ಪಾಸ್‌ಪೋರ್ಟು. ಒಳಗಿರುವವನು ಮಾತ್ರ ಇದೇ ಊರಿನ ಟ್ರ್ಯಾಕ್ಟರ್ ಇಗ್ನಾತನ ಮಗ. ನಲವತ್ತು ಸಮೀಪಿಸಿದೆ, ತಲೆ ಬೋಳಾಗಿದೆ, ಎರಡು ಮಕ್ಕಳ ತಂದೆ. ಅವನಿಗೆ ನದಿಯಲ್ಲಿ ಈಜು ಕಲಿಸಿದವನು ಹರಿತೋನ್. ದೊಡ್ಡ ದೇಶಗಳು ನೆರೆಮನೆಗೆ ತಾವೇ ಬರುವುದು ಕಡಿಮೆ. ನೆರೆಮನೆಯ ಹುಡುಗನಿಗೇ ಬೂಟು ಹಾಕಿ ನಿಲ್ಲಿಸುತ್ತವೆ.

"ರಸ್ತೆ ಬಂದ್ ಆಗಿದೆ ದೊಡ್ಡಮ್ಮ."

"ಕಾಣುತ್ತೆ ಮಗಾ. ಕಣ್ಣು ಇನ್ನೂ ಬಂದ್ ಆಗಿಲ್ಲ."

"ಉದ್ವಿಗ್ನತೆ ಇದೆ."

"ಯಾರಿಗೆ?"

ಆರ್ಕಾದಿ ಯೋಚಿಸಿದ. "ಮೇಲಿನವರಿಗೆ."

"ಹರಿತೋನನಿಗೆ ಹಂಗೇನೂ ಇಲ್ಲ. ಅವನಿಗೆ ಹಸಿವು."

"ನನ್ನ ಕೈಲೇನಿದೆ ಹೇಳು ದೊಡ್ಡಮ್ಮ?"

"ಬಂದೂಕಿದೆ. ರೊಟ್ಟಿ ಹಿಡಿಯಕ್ಕೆ ಜಾಗ ಇಲ್ಲ, ನಿಜ." ಅವಳು ಗುಡ್ಡದ ಕಡೆ ಗಲ್ಲ ಎತ್ತಿದಳು. "ನಿಮ್ಮಪ್ಪನೂ ಅಲ್ಲೇ ಇದಾನಲ್ಲೋ. ಇಗ್ನಾತನಿಗೆ ಈ ಸಲ ಯಾರು ಇಡ್ತಾರೆ?"

ಆರ್ಕಾದಿ ಬೂಟು ನೋಡಿಕೊಂಡ. ಇಲ್ಲಿ ನಾನು ಅವನ ಕಣ್ಣಲ್ಲಿ ಒಂದು ಹನಿ ಇಡಲು ಹೊರಟೆ. ಅಗಾಫಿಯಾ ತಿರುಗಿಯೂ ನೋಡದೆ ಹೇಳಿದಳು, "ಬೇಡ. ಅಳಲೇಬೇಕು ಅಂದ್ರೆ ನೀನೇ ಅಳು, ಕಥೆ ನಿಂದು."

ಆಮೇಲೆ ಅವಳು ಮಾಡಿದ್ದು ನನ್ನ ಯಾವ ಡ್ರಾಫ್ಟಿನಲ್ಲೂ ಇರಲಿಲ್ಲ. ಗಾಡಿಯಿಂದ ಕಸೂತಿಯ ಬಟ್ಟೆ ತೆಗೆದು ಕೊಡವಿ ಕಾಂಕ್ರೀಟ್ ದಿಮ್ಮಿಯ ಮೇಲೆ ಹಾಸಿದಳು. ಅಳತೆ ತೆಗೆದು ಮಾಡಿಸಿದ ಮೇಜಿನ ಹಾಗೆ ಹೊಂದಿತು. ರೊಟ್ಟಿ, ಮೊಟ್ಟೆ, ಮಾಂಸದನ್ನ, ಲೋಟಕ್ಕೆ ವೈನು. ಲಾರಿಗೆ ಎತ್ತಲೆಂದು ದಿಮ್ಮಿಗೆ ಬಿಟ್ಟಿದ್ದ ಕಬ್ಬಿಣದ ಬಳೆಯಲ್ಲಿ ಮೇಣದಬತ್ತಿ ಸಿಕ್ಕಿಸಿ ಹಚ್ಚಿದಳು.

"ಇದನ್ನ ಯಾರು ಮುರಿದ್ರು?" ಒಂದು ರೊಟ್ಟಿ ಎತ್ತಿ ಹಿಡಿದು ನನ್ನನ್ನು ನೋಡಿದಳು. ನಾನು ಪರಿಸ್ಥಿತಿಯನ್ನು ಸೂಕ್ಷ್ಮವಾಗಿ ಗಮನಿಸುತ್ತಿದ್ದೆ.

"ಏನ್ ಮಾಡ್ತಿದೀಯ ದೊಡ್ಡಮ್ಮ?" ಆರ್ಕಾದಿಯ ದನಿ ಇಳಿದಿತ್ತು.

"ತಿಥಿ."

"ಇಲ್ಲಿ ಯಾರು ಸತ್ತಿದಾರೆ?"

"ನಿನ್ನ ಠಾಣೆ ಕಣೋ."

"ಠಾಣೆ ಸತ್ತಿಲ್ಲವಲ್ಲ."

"ಸಾಯುತ್ತೆ. ಸಾಯದೇ ಇರೋದು ಯಾವುದಿದೆ? ಅವತ್ತು ನಾನಿರ್ತೀನೋ ಇಲ್ವೋ, ಅದಕ್ಕೇ ಈಗ್ಲೇ ಮುಗಿಸ್ತಿದೀನಿ. ಲಿದಿಯಾ ತನ್ನ ತಿಥಿ ತಾನೇ ಮಾಡ್ಕೊಳ್ಳಲಿಲ್ವಾ? ಮಕ್ಕಳಿಲ್ಲ, ಮುಂದೆ ಯಾರು ಮಾಡ್ತಾರೆ ಅಂತ. ಈ ಠಾಣೆಗೂ ಪಾಪ, ಹಿಂದೆ ಮುಂದೆ ಯಾರಿದಾರೆ?"

(ಲಿದಿಯಾಳ ತಿಥಿಗೆ ನಾನೂ ಹೋಗಿದ್ದೆ. ತನ್ನ ಆತ್ಮಶಾಂತಿಗೆ ತಾನೇ ಕುಡಿದು, ಅಂಗಳದಲ್ಲಿ ಕುಣಿದು, ಇವತ್ತಿಗೂ ಗಟ್ಟಿಯಾಗಿದ್ದಾಳೆ. ನಮ್ಮ ಕಡೆ 'ನಿನ್ನ ತಿಥಿ ಮಾಡ' ಎಂದರೆ ಹೊಡೆದಾಟ. ಇಲ್ಲಿ ಅದು ಊಟದ ಕರೆ.)

ಅಗಾಫಿಯಾ ಒಂದು ಲೋಟಕ್ಕೆ ರೊಟ್ಟಿಯ ಬಳೆ ತೊಡಿಸಿ ಆರ್ಕಾದಿಯ ಮುಂದೆ ಹಿಡಿದಳು.

ಈಗ ಅವನ ಕಷ್ಟ ನೋಡಿ. ದೂರದ ರಾಜಧಾನಿಯಿಂದ ಬಂದವನಾಗಿದ್ದರೆ ಥ್ಯಾಂಕ್ಸ್ ಹೇಳಿ ಕುಡಿದುಬಿಡುತ್ತಿದ್ದ, ಇಲ್ಲವೇ ಬೇಡ ಎನ್ನುತ್ತಿದ್ದ. ಇವನು ಇಲ್ಲಿಯವನು, ಎಲ್ಲ ಗೊತ್ತು. ಸತ್ತವರ ಲೋಟ ಮುಂದೆ ಬಂದಾಗ ಬೇಡ ಅಂದರೆ ತನ್ನ ಹಿರಿಯರ ಬಾಯಿಗೆ ತಾನೇ ಮಣ್ಣು ಹಾಕಿದಂತೆ. ಹಿಡಿದರೆ ಜೋರಾಗಿ ಹೇಳಲೇಬೇಕು: ಇಂಥವರನ್ನು ದೇವರು ಕ್ಷಮಿಸಲಿ. ಸತ್ತವರ ಹೆಸರು ಸಮೇತ; ಇವತ್ತು ಸತ್ತದ್ದು ಅವನ ಠಾಣೆ.

"ನನ್ನ ನೌಕರಿ, ದೊಡ್ಡಮ್ಮ."

"ನನ್ನ ಕೈ ನೋಯ್ತಿದೆ, ಮಗಾ."

ಅವನು ಬಂದೂಕನ್ನು ಬೆನ್ನಿಗೆ ಸರಿಸಿ ಎರಡು ಕೈಯಲ್ಲೂ ಲೋಟ ಹಿಡಿದ. ಬಾಯಿ ತೆರೆದ.

ಅಷ್ಟರಲ್ಲಿ ಕೆಳಗಿನಿಂದ ಲಿದಿಯಾ ಏದುಸಿರು ಬಿಡುತ್ತ ಬಂದಳು, ಹಿಂದೆ ಅರ್ಧ ಊರು. ಚರ್ಚಿನ ಅಂಗಳದ ಊಟವೆಲ್ಲ ಬುಟ್ಟಿಗಳಲ್ಲಿ. "ತಿಥಿ ಇಟ್ಕೊಂಡು ಹೇಳೋದ್ ಬೇಡ್ವೇನೇ? ನನ್ನದಕ್ಕೆ ನೀನು ಮೂರು ಸಲ ಬಡಿಸ್ಕೊಂಡು ತಿಂದಿಲ್ವಾ?" ಎನ್ನುತ್ತಲೇ ಪಕ್ಕದ ದಿಮ್ಮಿಗೆ ಬಟ್ಟೆ ಹಾಸಿದಳು. ನೋಡನೋಡುತ್ತ ದಾರಿಯ ಅಡ್ಡಕ್ಕೆ ಒಂದು ಉದ್ದನೆಯ ಮೇಜು ಎದ್ದಿತು. (ಮೊದಲ ಡ್ರಾಫ್ಟಿನ ಮೇಜಿಗಿಂತ ಉದ್ದ.)

ಠಾಣೆಯೊಳಗೆ ವೈರ್‌ಲೆಸ್ ಕರಕರ ಎಂದಿತು. ಆರ್ಕಾದಿ ಲೋಟ ಹಿಡಿದುಕೊಂಡೇ ಹೋಗಿ ಎತ್ತಿದ. ತೆರೆದ ಬಾಗಿಲಲ್ಲಿ ಎಲ್ಲರಿಗೂ ಕೇಳಿಸುತ್ತಿತ್ತು.

"ಜನ ಸೇರಿದ್ದಾರಂತೆ. ಪ್ರತಿಭಟನೆಯಾ?"

"ಅಲ್ಲ ಸಾರ್. ತಿಥಿ."

"ಯಾರು ಸತ್ತಿದ್ದು?"

ಮೇಜಿನ ಉದ್ದಕ್ಕೂ ಅಗಿಯುವುದು ನಿಂತಿತು.

ಕೊನೆಗಳು

ಒಂದು: ಆರ್ಕಾದಿ "ಹರಿತೋನ್" ಎನ್ನುತ್ತಾನೆ. ಶವಸಂಸ್ಕಾರ ಎಂದುಕೊಂಡು ಮೇಲಿನವರು ದಾರಿ ಬಿಡಿಸುತ್ತಾರೆ. ಜಾಣತನದ ಕೊನೆ. ಆದರೆ ತಮ್ಮ ಗೋರಿಗೆ ಹೋಗಲು ಜನ ಸುಳ್ಳು ಹೇಳಬೇಕಾಗಿ ಬಂದರೆ ಗೆದ್ದವರು ಯಾರು?

ಎರಡು: ಲಾರಿ ಬರುತ್ತದೆ, ಬೂಟುಗಳು ಬಟ್ಟೆ ಎಳೆದುಹಾಕುತ್ತವೆ. ಅಗಾಫಿಯಾ ಒಪ್ಪುವುದಿಲ್ಲ. ಅದು ಅವಳ ಮದುವೆಯ ಬಟ್ಟೆ, ಎಳೆದಾಡಲು ಕೊಡುವುದಿಲ್ಲವಂತೆ.

ಮೂರು: ದೊಡ್ಡ ದೇಶ ನಾಚಿಕೊಂಡು ದಿಮ್ಮಿ ಎತ್ತಿಕೊಂಡು ಹೋಗುತ್ತದೆ. ಇದನ್ನು ಲಿದಿಯಾಗೆ ಓದಿ ಹೇಳಿದೆ. ನಕ್ಕು ನಕ್ಕು ವೈನು ಮೂಗಿಗೆ ಏರಿ, ಅವಳ ಎರಡನೆಯ ತಿಥಿ ಆಗುವುದರಲ್ಲಿತ್ತು.

ಈ ಮೂರನ್ನೂ ಹೊಡೆದುಹಾಕಿ ತಲೆ ಎತ್ತಿದರೆ, ಅಗಾಫಿಯಾ ಇಲ್ಲ. ಬಟ್ಟೆಯ ಮೇಲಿಂದ ಊಟದ ತಟ್ಟೆಯೊಂದು ಮಾಯವಾಗಿದೆ. ದಿಮ್ಮಿಗಳು ಗಾಡಿಯನ್ನು ತಡೆಯುತ್ತವೆ, ಬಡಕಲು ಮುದುಕಿಯನ್ನಲ್ಲ. ಅವಳನ್ನು ಇಷ್ಟು ಹೊತ್ತು ತಡೆದದ್ದು ಆರ್ಕಾದಿಯ ಕಣ್ಣು. ಈಗ ಅವನು ಬಾಗಿಲಲ್ಲಿ ಗುಡ್ಡಕ್ಕೆ ಬೆನ್ನು ಮಾಡಿ ನಿಂತಿದ್ದಾನೆ. ಅಗಾಫಿಯಾ ಇಳಿಜಾರಿನ ಅರ್ಧದಲ್ಲಿದ್ದಾಳೆ, ತಟ್ಟೆಯ ಮೇಲೆ ಸೆರಗಂಚಿನಂತೆ ತಲೆವಸ್ತ್ರದ ತುದಿ ಮುಚ್ಚಿಕೊಂಡು.

ಬೇಕೆಂದೇ ಬೆನ್ನು ತಿರುಗಿಸಿದೆಯಾ, ಇಲ್ಲ ಸಿಗ್ನಲ್ ಸಿಗಲಿ ಅಂತಲಾ ಎಂದು ಆರ್ಕಾದಿಯನ್ನು ಕೇಳಿದೆ.

ವೈರ್‌ಲೆಸ್ಸಿನ ಬಾಯಿ ಅಂಗೈಯಲ್ಲಿ ಮುಚ್ಚಿ, "ಅದನ್ನ ಬರೀಬೇಡ ಭಾವ," ಎಂದ.

ಬರೆಯುವುದಿಲ್ಲ.

ಅವಳು ಗೋರಿ ಮುಟ್ಟಿದಳು ಎಂದೂ ಬರೆಯುವುದಿಲ್ಲ; ಬರೆದರೆ ಅವಳು ಇಳಿದು ಬರುವುದನ್ನೂ, ಕೆಳಗೆ ಯಾರು ಕಾದಿದ್ದರು ಎಂಬುದನ್ನೂ ಬರೆಯಬೇಕಾಗುತ್ತದೆ. ಮೇಲಿನಿಂದ ಅವಳ ದನಿ ಕೇಳಿತು: "ಅಳಿಯಾ, ನನ್ನ ತಲುಪಿಸಕ್ಕೂ ಹೋಗ್ಬೇಡ, ಇಳಿಸಕ್ಕೂ ಹೋಗ್ಬೇಡ. ನನಗೆ ಕಾಲಿದೆ."

ವೈರ್‌ಲೆಸ್ ಮತ್ತೆ ಕೇಳುತ್ತಿದೆ: ಯಾರು ಸತ್ತಿದ್ದು? ಹೆಸರು ಹೇಳು.

ಲಿದಿಯಾ ನನ್ನ ಪೆನ್ನು ಕಿತ್ತು ಕೈಗೆ ಲೋಟ ತುರುಕಿದಳು. ಇನ್ನೊಂದು ಲೋಟ ತುಂಬಿಸಿ, ರೊಟ್ಟಿಯ ಬಳೆ ತೊಡಿಸಿ, ಈ ಪುಟದ ಆಚೆಗೆ, ನಿಮ್ಮ ಮುಂದೆ ಹಿಡಿದಿದ್ದಾಳೆ. ಮುರಿದ ರೊಟ್ಟಿಯೇ ನಿಮ್ಮ ಪಾಲಿಗೆ ಬಂದಿದ್ದರೆ ಕ್ಷಮಿಸಿ. ಬೇಡ ಎನ್ನುವಂತಿಲ್ಲ, ನಿಮಗೂ ಹಿರಿಯರಿದ್ದಾರೆ. ಹಿಡಿದಮೇಲೆ ಜೋರಾಗಿ ಹೆಸರು ಹೇಳಬೇಕು. ಯಾವ ಹೆಸರೆಂದು ನಾನು ಹೇಳಿಕೊಡುವುದಿಲ್ಲ.

ಬೇಗ. ಅವಳ ಕೈ ನೋಯುತ್ತಿದೆ.